ಸೆಕೆಂಡ್ ಗೇರ್ ಹಾರುತ್ತಿದೆಯಾ? ಬಾಕ್ಸ್ ಬಿಚ್ಚುವ ಮುಂಚೆ ಇದನ್ನು ಓದಿ

ತಾತನ ಕಾಲದ ಸಿಜೆ3ಬಿ (ಹಳೇ ಮಾದರಿಯ) ಜೀಪು, ಇಳಿಜಾರಿನಲ್ಲಿ ಸೆಕೆಂಡ್ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರುತ್ತದೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡೋದಾ ಇಲ್ಲ ಐದು ಗೇರಿನ ಬಾಕ್ಸ್ ಹಾಕಿಸೋದಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಎರಡು ದಾರಿ ಇದ್ದವು. ಎರಡೂ ಬೇಕಾಗಿರಲಿಲ್ಲ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಜೀಪು ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಪೆಟ್ರೋಲ್ ಎಂಜಿನ್ನೇ ಇನ್ನೂ ಇದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನನ್ನ ಎಡಗೈ ಗೇರ್ ಲಿವರ್ ಬಿಡುವ ಹಾಗೇ ಇರಲಿಲ್ಲ. ಬಿಟ್ಟರೆ ಟಕ್. ಎಂಜಿನ್ ಹಿಡಿತ ತಪ್ಪಿತು ಅಂದರೆ ಆಮೇಲೆ ಆ ಹಳೇ ಡ್ರಮ್ ಬ್ರೇಕೇ ಗತಿ. ಸೈಕಲ್ ಟ್ಯೂಬಿನ ತುಂಡನ್ನು ಲಿವರಿಗೆ ಸುತ್ತಿ ಮುಂದೆ ಡ್ಯಾಶ್‌ಬೋರ್ಡಿನ ಕಡೆ ಎಳೆದು ಕಟ್ಟಿ ಓಡಿಸಿದ್ದೂ ಇದೆ. ನಗಬೇಡಿ, ನೀವೂ ಏನೋ ಒಂದು ಮಾಡಿರ್ತೀರಿ.

ಆ ವರ್ಷ ಆಷಾಢದಲ್ಲಿ ಮಳೆ ಹಿಡಿದುಕೊಂಡಿತ್ತು, ತೋಟದಲ್ಲಿ ಕೆಲಸ ಇರಲಿಲ್ಲ. ತಮ್ಮನನ್ನು ಕರೆದುಕೊಂಡು ಶೆಡ್ಡಿನಲ್ಲಿ ಕೆಲಸ ಶುರು ಮಾಡಿದೆ. ಇಳಿಸುವುದು ಅಂಥ ಕಷ್ಟ ಅಲ್ಲ. ಒಳಗಿನ ಫ್ಲೋರ್ ಪ್ಲೇಟ್ ಬಿಚ್ಚಿ, ಎರಡೂ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗಳಿಗೆ ಬಲ ಒಯ್ಯುವ ದಂಡ), ಕ್ಲಚ್ ಲಿಂಕ್, ಸ್ಪೀಡೋಮೀಟರ್ ಕೇಬಲ್, ಹ್ಯಾಂಡ್‌ಬ್ರೇಕ್ ಕೇಬಲ್ ಕಳಚಿ, ಎಂಜಿನ್ ಹಿಂಭಾಗಕ್ಕೆ ಜಾಕಿ ಕೊಟ್ಟು, ಅಡಿಯ ಕ್ರಾಸ್ ಮೆಂಬರ್ ತೆಗೆದರೆ ಗೇರ್‌ಬಾಕ್ಸು, ಅದರ ಬೆನ್ನಿಗೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸು (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಒಟ್ಟಿಗೆ ಬರುತ್ತವೆ. ಒಂದೇ ಎಚ್ಚರ: ಬೆಲ್ ಹೌಸಿಂಗಿನ (ಕ್ಲಚ್ ಸುತ್ತಲಿನ ಕವಚ) ಬೋಲ್ಟ್ ಬಿಚ್ಚಿದ ಮೇಲೆ ಬಾಕ್ಸಿನ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತು ಬೀಳಬಾರದು, ಪ್ಲೇಟ್ ಸೊಟ್ಟಗಾಗುತ್ತದೆ. ಅದನ್ನು ನಾವು ಸರಿಯಾಗಿಯೇ ಮಾಡಿದೆವು.

ಕೆಟ್ಟದ್ದು ಬೆಂಚಿನ ಮೇಲೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಈ ಜೀಪಿನ ಗೇರ್‌ಬಾಕ್ಸ್ ಟಿ-90 ಅನ್ನುವ ಮಾದರಿ, ಅದರ ಮೇನ್ ಶಾಫ್ಟ್ ಹಿಂದಕ್ಕೆ ಉದ್ದ ಚಾಚಿ ಟ್ರಾನ್ಸ್‌ಫರ್ ಕೇಸಿನ ಒಳಗೆ ಹೋಗುತ್ತದೆ. ಅಲ್ಲಿ ಅದರ ತುದಿಗೆ ಒಂದು ಗೇರು, ಒಂದು ನಟ್ಟು, ನಟ್ಟಿಗೆ ಕಾಟರ್ ಪಿನ್ನು. ಹಿಂದಿನ ಮುಚ್ಚಳ ತೆಗೆದು ಇವನ್ನು ಬಿಚ್ಚಿದ ಮೇಲೆ ಎರಡು ಬಾಕ್ಸುಗಳನ್ನೂ ಬೇರೆ ಮಾಡಬೇಕು. ಆದರೆ ಶಾಫ್ಟಿನ ಹಿಂದಿನ ಬೇರಿಂಗ್ ಟ್ರಾನ್ಸ್‌ಫರ್ ಕೇಸಿನ ತೂತಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕೇಸನ್ನು ಹಿಂದಕ್ಕೆ ಎಳೆದರೆ ಬೇರಿಂಗ್ ಬಿಡುವುದಿಲ್ಲ, ಶಾಫ್ಟನ್ನೂ ಎಳೆದುಕೊಂಡೇ ಬರುತ್ತದೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಒಂದು ಸಾಲು ಇದೆ: ಸೆಕೆಂಡ್ ಗೇರಿನ ಹಿಂದೆ ಶಾಫ್ಟಿಗೆ ಒಂದು ತಂತಿ ಸುತ್ತಿ, ಅದರ ಎರಡು ತುದಿಗಳನ್ನು ಮೇಲಿನ ಮುಚ್ಚಳದ ಮುಂದಿನ ಎರಡು ಸ್ಕ್ರೂಗಳಿಗೆ ಬಿಗಿದು ಕಟ್ಟಿ. ಅಷ್ಟೇ. ಒಂದು ಮೊಳ ಬೈಂಡಿಂಗ್ ವೈರ್.

ಆ ಸಾಲನ್ನು ನಾನು ಓದಿದ್ದೆ. ಜೆರಾಕ್ಸ್ ಕಾಪಿ ಪಕ್ಕದಲ್ಲೇ ಇತ್ತು, ಅದರ ಮೇಲೆ ಟೀ ಲೋಟ ಇಟ್ಟಿದ್ದೆ. ವೈರ್ ಹುಡುಕಲು ಮಳೆಯಲ್ಲಿ ಗೋಡೌನಿಗೆ ಯಾರು ಹೋಗ್ತಾರೆ ಅಂತ ಬಿಟ್ಟೆ. ತಮ್ಮ ಗೇರ್‌ಬಾಕ್ಸ್ ಹಿಡಿದುಕೊಂಡ, ನಾನು ಕೇಸ್ ಎಳೆದೆ. ಬರಲಿಲ್ಲ. ಅಲ್ಲಾಡಿಸಿ ಜೋರಾಗಿ ಎಳೆದೆ. ಪಳ್ ಅಂತ ಬಂತು. ಜೊತೆಗೇ ಬಾಕ್ಸಿನ ಒಳಗೆ ಅಕ್ಕಿ ಕಾಳು ಉದುರಿದ ಹಾಗೆ ಸಣ್ಣ ಸದ್ದು.

ಮೇನ್ ಶಾಫ್ಟಿನ ಮುಂದಿನ ತುದಿ ಇನ್‌ಪುಟ್ ಶಾಫ್ಟಿನ (ಕ್ಲಚ್ಚಿನಿಂದ ಬಾಕ್ಸಿಗೆ ಬರುವ ಶಾಫ್ಟ್) ಹೊಟ್ಟೆಯೊಳಗೆ ಬಿಡಿ ರೋಲರ್‌ಗಳ ಮೇಲೆ ತಿರುಗುತ್ತದೆ. ಶಾಫ್ಟ್ ಹಿಂದೆ ಸರಿದದ್ದೇ ರೋಲರ್‌ಗಳೆಲ್ಲ ತಳಕ್ಕೆ, ಮಸಿಯಂಥ ಹಳೇ ಆಯಿಲ್‌ಗೆ ಬಿದ್ದವು. ಮ್ಯಾಗ್ನೆಟ್ ಹಾಕಿ ಹೆಕ್ಕಿದೆ. ಎಣಿಸಿದೆ. ಒಂದು ಕಮ್ಮಿ. ಡೀಸೆಲ್ ಹಾಕಿ ಕುಲುಕಿ ಸುರಿದೆ, ಸಿಗಲಿಲ್ಲ. ಗ್ರೀಸ್ ಹಚ್ಚಿ ಇದ್ದವನ್ನು ಕೂರಿಸಿದಾಗ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದು ಎದ್ದು ಕಾಣುತ್ತಿತ್ತು. ನಾನು ಏನಂದುಕೊಂಡೆ ಗೊತ್ತಾ? "ಹಿಂದೆ ಯಾರೋ ಮಿಸ್ತ್ರಿ ಒಂದು ಕಮ್ಮಿ ಹಾಕಿರಬೇಕು." ಕಣ್ಣೆದುರೇ ಉದುರಿದ್ದಕ್ಕೆ ಕಾಣದ ಮನುಷ್ಯನ ಮೇಲೆ ದೂರು. ಆ ರೋಲರ್ ಕ್ಲಸ್ಟರ್ ಗೇರಿನ (ಬಾಕ್ಸಿನ ತಳದಲ್ಲಿರುವ ಗೇರುಗಳ ಗೊಂಚಲು) ಅಡಿಯ ಜಿಡ್ಡಿನಲ್ಲಿ ಅಂಟಿಕೊಂಡಿತ್ತು. ಕ್ಲಸ್ಟರನ್ನು ಡಮ್ಮಿ ಶಾಫ್ಟಿನ (ಅಸಲಿ ಶಾಫ್ಟಿನ ಬದಲು ತಾತ್ಕಾಲಿಕವಾಗಿ ತೂರಿಸುವ ಸಲಾಕೆ) ಮೇಲೆ ತಳಕ್ಕೆ ಮಲಗಿಸಿದ್ದೆನೇ ಹೊರತು ಪೂರ್ತಿ ಹೊರಗೆ ತೆಗೆದಿರಲಿಲ್ಲ. ತೆಗೆದಿದ್ದರೆ ಕಾಣುತ್ತಿತ್ತು.

ಹೊಸ ಬೇರಿಂಗ್, ಹೊಸ ಸಿಂಕ್ರೋ ರಿಂಗ್ (ಗೇರ್ ಸದ್ದಿಲ್ಲದೆ ಬೀಳುವ ಹಾಗೆ ಮಾಡುವ ಬಳೆ), ಹೊಸ ಆಯಿಲ್ ಸೀಲ್, ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದು. ಜೋಡಿಸಿ ಗೇಟ್ ದಾಟಿ ಮೊದಲ ಇಳಿಜಾರಿಗೆ ಬಂದೆ. ಟಕ್. ಸೆಕೆಂಡ್ ಗೇರ್ ಮೊದಲಿನ ಹಾಗೇ ಹಾರಿತು.

ದೀಪಾವಳಿ ಕಳೆದು ಕೊಯ್ಲು ಶುರುವಾದ ವಾರ, ಹಣ್ಣಿನ ಚೀಲ ತುಂಬಿಕೊಂಡು ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಒಳಗಿಂದ ಕಟಕ್ ಅಂತ ಒಂದು ಏಟು, ಆಮೇಲೆ ನಿಲ್ಲದ ಗರಗರ. ಆಯಿಲ್ ಇಳಿಸಿದರೆ ಬೆಳ್ಳಿ ಪುಡಿ. ಆ ಕಳೆದುಹೋದ ರೋಲರ್ ಹಲ್ಲಿಗೆ ಸಿಕ್ಕಿ, ಕ್ಲಸ್ಟರಿನ ಎರಡು ಹಲ್ಲು ಹೋಗಿತ್ತು. ಕೊಯ್ಲಿನ ಮಧ್ಯೆ ಮೂರು ವಾರ ಬಾಡಿಗೆ ಪಿಕಪ್‌ನಲ್ಲಿ ಹಣ್ಣು ಸಾಗಿಸಿದೆ.

ಆಗ ಬಣಕಲ್ ಕಡೆಯ ಹಳೇ ಮಿಸ್ತ್ರಿಯೊಬ್ಬರ ಕಾಲು ಹಿಡಿದೆ. ಅವರು ಬಂದು ಬೀಡಿ ಹಚ್ಚಿ ಕೇಳಿದ ಮೊದಲ ಮಾತೇ ಇದು.

"ತಂತಿ ಕಟ್ಟಿದ್ರಾ ಗೌಡ್ರೇ?"

ನಾನು ಸುಮ್ನಿದ್ದೆ.

"ಹೋಗ್ಲಿ ಬಿಡಿ. ಬುಷ್ ನೋಡಿದ್ರಾ?"

ಅದನ್ನೂ ನೋಡಿರಲಿಲ್ಲ. ಇನ್‌ಪುಟ್ ಶಾಫ್ಟಿನ ಮೂತಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತೂತಿನಲ್ಲಿ ಒಂದು ಸಣ್ಣ ಕಂಚಿನ ಬುಷ್ ಒಳಗೆ ಕೂರುತ್ತದೆ. ಆ ಬುಷ್ ಸವೆದರೆ ಶಾಫ್ಟ್ ನೆಟ್ಟಗೆ ನಿಲ್ಲದೆ ತಲೆ ಆಡಿಸುತ್ತದೆ. ಗೇರುಗಳ ಹಲ್ಲು ಓರೆಯಾಗಿ ಕಚ್ಚಿಕೊಂಡು, ಇಳಿಜಾರಿನಲ್ಲಿ ಚಕ್ರ ಎಂಜಿನ್ನನ್ನು ತಳ್ಳುವಾಗ ಮೆಲ್ಲಗೆ ಬಿಟ್ಟುಕೊಳ್ಳುತ್ತವೆ. ನಮ್ಮದರಲ್ಲಿ ತೂತು ಮೊಟ್ಟೆಯಾಕಾರ ಆಗಿತ್ತು. ಅವರು ತೂತಿಗೆ ಗ್ರೀಸ್ ತುಂಬಿ, ಸರಿಯಾಗಿ ಹಿಡಿಯುವ ಒಂದು ಕಬ್ಬಿಣದ ಸಲಾಕೆ ಇಟ್ಟು ಸುತ್ತಿಗೆಯಲ್ಲಿ ಹೊಡೆದರು. ಗ್ರೀಸಿನ ಒತ್ತಡಕ್ಕೆ ಬುಷ್ ತಾನೇ ಹಿಂದಕ್ಕೆ ನೂಕಿಕೊಂಡು ಬಂತು. ನಾಲ್ಕು ಏಟು. ಹೊಸ ಬುಷ್‌ನ ದುಡ್ಡಿಗೆ ಅವತ್ತು ಮೂಡಿಗೆರೆಯಲ್ಲಿ ಇಬ್ಬರ ಊಟ ಬರುತ್ತಿರಲಿಲ್ಲ. ಅಲ್ಲಿಂದ ಇವತ್ತಿನವರೆಗೆ ಗೇರ್ ಹಾರಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಗೇರ್ ಹಾರುವುದಕ್ಕೆ ಬಾಕ್ಸಿನ ಒಳಗೇ ರೋಗ ಇರಬೇಕು ಅಂತ ಯಾರು ಹೇಳಿದರು? ಮೊದಲು ಬೆಲ್ ಹೌಸಿಂಗಿನ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ, ಸಡಿಲ ಇದ್ದರೂ ಇದೇ ಕಾಯಿಲೆ. ಅಡಿಯ ಮೌಂಟಿಂಗ್ ರಬ್ಬರ್ ಹರಿದಿದೆಯಾ ನೋಡಿ. ಆಮೇಲೆ ಜೀಪಿನಲ್ಲೇ ಇಟ್ಟುಕೊಂಡು ಮೇಲಿನ ಮುಚ್ಚಳ ಬಿಚ್ಚಿ. ಲಿವರ್, ಫೋರ್ಕ್ (ಗೇರ್ ಸರಿಸುವ ಕವಲು) ಎಲ್ಲ ಅದರ ಜೊತೆಗೇ ಬರುತ್ತವೆ. ರೈಲನ್ನು (ಫೋರ್ಕ್ ಕೂರುವ ಸಲಾಕೆ) ಹಿಡಿಯುವ ಗುಂಡು, ಅದರ ಸ್ಪ್ರಿಂಗ್, ಫೋರ್ಕಿನ ತುದಿ ಸವೆದಿವೆಯಾ ನೋಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇಷ್ಟಕ್ಕೂ ಸರಿಹೋಗದಿದ್ದರೆ ಬಾಕ್ಸ್ ಇಳಿಸಿ, ಬುಷ್ ನೋಡಲು ಇಳಿಸಲೇಬೇಕು. ಆದರೆ ಇಳಿಸುವುದು ಬೇರೆ, ಬಿಚ್ಚುವುದು ಬೇರೆ. ಎರಡು ಬಾಕ್ಸನ್ನೂ ಒಟ್ಟಿಗೇ ಇಡಿ, ಬುಷ್ ಹಾಕಿ, ವಾಪಸ್ ಏರಿಸಿ, ಓಡಿಸಿ ನೋಡಿ.

ಐದು ಗೇರಿನ ಆಸೆ ಬಿಡಿ. ಸಿಜೆ3ಬಿ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಬರೀ 80 ಇಂಚು. ಉದ್ದದ ಬಾಕ್ಸ್ ಕೂರಿಸಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಿ, ಕೋನ ಕಡಿದಾಗಿ, ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟ್‌ಗಳು ಸಾಯುತ್ತವೆ. ಅಷ್ಟು ಮಾಡಿ ಎಷ್ಟು ಸ್ಪೀಡ್ ಹೋಗ್ತೀರಿ? ಆಕ್ಸಲ್ ರೇಶಿಯೋನೇ 5.38 (ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತಿದರೆ ಚಕ್ರಕ್ಕೆ ಒಂದೇ ಸುತ್ತು), ಹೊಯ್ದಾಡುವ ಸ್ಟೀರಿಂಗ್ ಬೇರೆ.

ಆಯಿಲ್ 90 ನಂಬರಿನದ್ದು ಹಾಕಿ, ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿ ತನ್ನಿ. ಅಂಗಡಿಯವರು ಜಿಎಲ್-5 ಇನ್ನೂ ಒಳ್ಳೇದು ಅಂತಾರೆ, ಹಿತ್ತಾಳೆ ಸಿಂಕ್ರೋ ರಿಂಗ್ ಇರುವ ಬಾಕ್ಸಿಗೆ ನಾನಂತೂ ಹಾಕುವುದಿಲ್ಲ.

ಮುಚ್ಚಳ ಬಿಚ್ಚಿದ ಮೇಲೆ ಆ ಗುಂಡು, ಸ್ಪ್ರಿಂಗ್, ಫೋರ್ಕ್ ಮೂರರ ಫೋಟೊ ಹಾಕಿ, ನೋಡಿ ಹೇಳುತ್ತೇನೆ. ಗುಂಡು ಸಣ್ಣದು, ಸ್ಪ್ರಿಂಗ್ ನೂಕಿದರೆ ಹಾರಿ ಹೋಗುತ್ತದೆ. ಮೇಲೆ ಒಂದು ಬಟ್ಟೆ ಹಿಡಿದುಕೊಂಡು ಬಿಚ್ಚಿ.