ಕೆಸರು ಗದ್ದೆಯಲ್ಲಿ ಮಿನಿ ಟ್ರ್ಯಾಕ್ಟರ್ ಜಾರುತ್ತಿದೆ, ಯಾವ ಟೈರ್ ಹಾಕಿಸಲಿ, ಎಷ್ಟು ಭಾರ ಕಟ್ಟಲಿ?

ಭಾರ ಕಟ್ಟಬೇಡಿ. ನಾನು ಕಟ್ಟಿ ನೋಡಿದವನು.

24 ಎಚ್‌ಪಿ ಗಾಡಿ, ಜೂನ್ ತಿಂಗಳು, ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ ಅಂತ ನೀವು ಬರೆದದ್ದು ಓದುವಾಗ ನನ್ನದೇ ಕಥೆ ಯಾರೋ ಹೇಳಿದ ಹಾಗಾಯಿತು. ನಮ್ಮದು ಬಾರ್ಕೂರು ಕಡೆ, ಸೀತಾನದಿಗೆ ಹತ್ತಿರದ ಗದ್ದೆ. ಬಾಡಿಗೆ ಟಿಲ್ಲರ್‌ಗೆ ಕಾದು ಕಾದು ಸಾಕಾಗಿ 2021ರ ಮೇ ತಿಂಗಳಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ತಗೊಂಡೆ. ಫೋರ್ ವೀಲ್ ಡ್ರೈವ್, ಹಿಂದೆ ರೋಟವೇಟರ್, ಅಂದರೆ ಬ್ಲೇಡ್ ತಿರುಗಿ ಮಣ್ಣು ಕಡೆಯುವ ಸಲಕರಣೆ. ಎತ್ತರದ ಬೆಟ್ಟು ಗದ್ದೆಯಲ್ಲಿ ಬೆಣ್ಣೆ ಕಡೆದ ಹಾಗೆ ಉತ್ತಿತು. ಬೈಲಿಗೆ, ಅಂದರೆ ತಗ್ಗಿನ ಕೆಸರು ಗದ್ದೆಗೆ, ಇಳಿಸಿದ ದಿನ ಮೂಲೆಯಲ್ಲಿ ಸ್ವಲ್ಪ ಜಾರಿತು. ಸ್ವಲ್ಪವೇ. ಹೇಗೋ ಹೊರಗೆ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.

ರಾತ್ರಿ ಯೂಟ್ಯೂಬ್ ನೋಡುತ್ತಾ ಕೂತೆ. ಯಾರೋ ಅಮೆರಿಕದವರು, ನನ್ನದರಷ್ಟೇ ಸಣ್ಣ ಟ್ರ್ಯಾಕ್ಟರ್, ಅಂಗಳದ ಹಿಮ ತಳ್ಳುತ್ತಿದ್ದಾರೆ. ಮೊದಲು ಚಕ್ರ ಜಾರುತ್ತದೆ. ಆಮೇಲೆ ಹಿಂದಿನ ಟೈರಿಗೆ ದ್ರವ ತುಂಬಿಸುತ್ತಾರೆ, ಹಿಂದೆ ಭಾರದ ಪೆಟ್ಟಿಗೆ ಕಟ್ಟುತ್ತಾರೆ, ಗಾಡಿ ಆನೆ ಹಾಗೆ ನುಗ್ಗುತ್ತದೆ. ತೂಕ ಇದ್ದಷ್ಟು ಹಿಡಿತ, ಇಷ್ಟೇ ವಿಷಯ ಅಂದುಕೊಂಡೆ.

ಮರುದಿನವೇ ಪಂಕ್ಚರ್ ಅಂಗಡಿಗೆ ಹೋಗಿ ಎರಡೂ ಹಿಂದಿನ ಟೈರಿಗೆ ನೀರು ತುಂಬಿಸಿದೆ. ಗಾಳಿ ತುಂಬುವ ವಾಲ್ವ್ ಮೇಲಕ್ಕೆ ಬರುವ ಹಾಗೆ ಚಕ್ರ ನಿಲ್ಲಿಸಿ ಮುಕ್ಕಾಲು ಭಾಗ ತುಂಬಿಸುವುದು. ಎರಡೂ ಸೇರಿ ನೂರು ಲೀಟರಿನ ಆಸುಪಾಸು, ಅಂದರೆ ನೂರು ಕೆಜಿ. ವಿಡಿಯೋದಲ್ಲಿ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಉಪ್ಪು ಹಾಕಬೇಕಾ ಅಂತ ಅಂಗಡಿಯವರ ಹತ್ತಿರ ಕೇಳಿದೆ. "ಎಂತ, ಉಪ್ಪಿನಕಾಯಿಯಾ?" ಅಂದರು. ಅಲ್ಲಿ ಚಳಿಗೆ ನೀರು ಗಟ್ಟಿಯಾಗುತ್ತದೆ, ಅದಕ್ಕೆ ಬೆರೆಸುವುದು ಅಂತ ನನಗೆ ಆಮೇಲೆ ಗೊತ್ತಾಯಿತು. ಅದು ಸಾಲದು ಅಂತ ಮನೆ ಹಿಂದೆ ಬಿದ್ದಿದ್ದ ಆರು ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ರೋಟವೇಟರ್ ಫ್ರೇಮಿನ ಮೇಲೆ ಸರಿಗೆಯಲ್ಲಿ ಬಿಗಿದೆ. ಒಂದೊಂದು ಕಲ್ಲು 30 ಕೆಜಿ ಮೇಲೆ. ಗಾಡಿಯ ತೂಕವೇ ಏಳು ಕ್ವಿಂಟಲ್, ಅದರ ಮೇಲೆ ಹತ್ತಿರ ಹತ್ತಿರ ಮೂರು ಕ್ವಿಂಟಲ್ ಹೇರಿದ್ದೆ.

ಬೈಲಿನಲ್ಲಿ ಹತ್ತು ಮಾರು ಹೋಗಿರಬಹುದು. ಹಿಂದಿನ ಎಡಚಕ್ರ ಇಳಿಯಿತು. ಆಕ್ಸಿಲರೇಟರ್ ಕೊಟ್ಟೆ. ಟೈರಿನ ಹಲ್ಲುಗಳ ನಡುವೆ ಕೆಸರು ತುಂಬಿ ಚಕ್ರ ಬೋಳು ಡ್ರಮ್ಮಿನ ಹಾಗೆ ನುಣ್ಣಗೆ ತಿರುಗುತ್ತಿತ್ತು. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಡಿಫರೆನ್ಷಿಯಲ್ ಲಾಕ್ ಒತ್ತಿದೆ, ಈಗ ಎರಡೂ ಚಕ್ರ ಒಟ್ಟಿಗೆ ಇಳಿದವು. ಐದು ನಿಮಿಷದಲ್ಲಿ ಗೇರ್‌ಬಾಕ್ಸಿನ ಹೊಟ್ಟೆ ಕೆಸರಿಗೆ ಕೂತಿತು. ಪಕ್ಕದ ಗದ್ದೆಯ ಅಜ್ಜಯ್ಯ ಅಂಚಿನ ಮೇಲೆ ನಿಂತು ಕಲ್ಲುಗಳನ್ನೇ ನೋಡಿದರು. "ಕ್ವಾಣಕ್ಕೆ ಕಲ್ಲ್ ಕಟ್ಟಿ ಗೆದ್ದಿಗ್ ಇಳ್ಸುದಾ ಮಾರಾಯ?" ಅಂದರು.

ಜೆಸಿಬಿ ಗದ್ದೆಗೆ ಇಳಿಯುವ ಹಾಗಿರಲಿಲ್ಲ. ರಸ್ತೆಯಲ್ಲೇ ನಿಂತು ಸ್ಟೀಲ್ ರೋಪ್ ಹಾಕಿ ಎಳೆಯಿತು. ಎರಡು ಅಂಚು ಒಡೆದು ಪಕ್ಕದವರ ಗದ್ದೆ ನೀರೆಲ್ಲ ಹೋಯಿತು. ಕ್ಲಚ್ ಪ್ಲೇಟ್ ಸುಟ್ಟಿತ್ತು. ರಿಪೇರಿ ಆಗಿ ಬರುವಾಗ ಎಂಓ-4 ಭತ್ತದ ನೇಜಿಗೆ (ಸಸಿಗೆ) ತಿಂಗಳು ದಾಟಿತ್ತು. ಬಲಿತ ನೇಜಿ ನೆಟ್ಟರೆ ಕವಲು ಕಡಿಮೆ ಒಡೆಯುತ್ತದೆ ಅಂತ ನಿಮಗೇ ಗೊತ್ತಲ್ವಾ. ಆ ವರ್ಷದ ಏಣೆಲು (ಮಳೆಗಾಲದ) ಬೆಳೆಯಲ್ಲಿ ಮನೆ ಖರ್ಚಿಗೆ ಆಗುವಷ್ಟೂ ಅಕ್ಕಿ ಬರಲಿಲ್ಲ.

ತಪ್ಪು ಎಲ್ಲಿ ಆಯಿತು? ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಮದ ಅಡಿಯಲ್ಲಿ ಗಟ್ಟಿ ನೆಲ ಇರುತ್ತದೆ. ಭಾರ ಹಾಕಿದರೆ ಟೈರ್ ಹಿಮ ಸೀಳಿ ಆ ನೆಲ ಮುಟ್ಟುತ್ತದೆ, ಅಥವಾ ಹಿಮವೇ ಒತ್ತಿ ಗಟ್ಟಿಯಾಗುತ್ತದೆ. ಅದಕ್ಕೆ ಹಿಡಿತ ಸಿಗುವುದು. ಮರಳು, ಜಲ್ಲಿ, ಮುರಕಲ್ಲಿನ ನೆಲ, ಇಲ್ಲೆಲ್ಲ ಒತ್ತಿದಷ್ಟು ಹಿಡಿತ ಜಾಸ್ತಿ. ನೀರು ಕುಡಿದ ಜೇಡಿ ಕೆಸರಿನ ಸ್ವಭಾವವೇ ಬೇರೆ. ಒತ್ತಿದರೆ ಅದು ಗಟ್ಟಿಯಾಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಅದರಲ್ಲಿ ಹಿಡಿತ ಸಿಗುವುದು ಎಷ್ಟು ಅಗಲ ಜಾಗಕ್ಕೆ ಚಕ್ರ ತಾಗಿದೆ ಅನ್ನುವುದರ ಮೇಲೆ, ಎಷ್ಟು ಭಾರ ಕೂತಿದೆ ಅನ್ನುವುದರ ಮೇಲೆ ಅಲ್ಲ. ತಲೆ ಮೇಲೆ ನೇಜಿ ಹೊತ್ತು ಬೈಲಿಗೆ ಇಳಿದು ನೋಡಿ, ಕಾಲು ಗಟ್ಟಿ ನಿಲ್ಲುತ್ತದಾ, ಇನ್ನೂ ಹೂತುಹೋಗುತ್ತದಾ? ಒಮ್ಮೆ ಹೊಟ್ಟೆ ಕೆಸರಿಗೆ ತಾಗಿತು ಅಂದರೆ ಗಾಡಿಯ ಭಾರ ಚಕ್ರದ ಮೇಲೆ ಇರುವುದೇ ಇಲ್ಲ. ಆಮೇಲೆ ಯಾವ ಟೈರ್ ಇದ್ದರೂ ಅಷ್ಟೆ. ನಾನು ಹಿಮದ ಔಷಧಿ ಕೆಸರಿಗೆ ಕುಡಿಸಿದ್ದೆ.

ಇನ್ನೊಂದು. ರೋಟವೇಟರ್ ಹಾಕಿ ಕೆಸರು ಮಾಡುವಾಗ ಟ್ರ್ಯಾಕ್ಟರ್ ಏನನ್ನೂ ಜೋರಾಗಿ ಎಳೆಯಬೇಕಾಗಿಲ್ಲ. ಅದರ ಬ್ಲೇಡ್‌ಗಳು ಗಾಡಿಯ ಚಕ್ರ ತಿರುಗುವ ಕಡೆಗೇ ತಿರುಗುತ್ತವೆ, ಅದೇ ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ಹಾಗಾಗಿ 'ಎಳೆಯುವ ಶಕ್ತಿ ಸಾಲುವುದಿಲ್ಲ' ಅಂತ ನೀವು ಅಂದುಕೊಂಡದ್ದೇ ಸರಿ ಇಲ್ಲ. ಜಾರುವುದು ಹೂತುಹೋಗುವ ಮೊದಲಿನ ಹಂತ.

ನಾನು ಈಗ ಮಾಡುವುದು ಇಷ್ಟು. ಟೈರಿನ ನೀರು ತೆಗೆಸಿದೆ. ಬೈಲಿಗೆ ಇಳಿಯುವಾಗ ಟೈರಿನ ಹೊರಬದಿಗೆ ಅರ್ಧ ಕೇಜ್ ವೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಚಕ್ರ, ಹಾಕುತ್ತೇನೆ. ಅಗಲ ಸಿಗುತ್ತದೆ, ಕಬ್ಬಿಣದ ಪಟ್ಟಿಗಳ ನಡುವೆ ಕೆಸರು ನಿಲ್ಲುವುದಿಲ್ಲ. ನಿಮ್ಮ ಮಾಡೆಲ್‌ಗೆ ಸರಿಯಾದ ಅಳತೆಯದ್ದೇ ತಗೊಳ್ಳಿ, ತೀರಾ ಅಗಲದ್ದು ಹಾಕಿದರೆ ಆಕ್ಸಲ್‌ಗೆ ಪೆಟ್ಟು. ಗದ್ದೆ ಹತ್ತಿರ ಹೋಗಿ ಹಾಕಿ, ಡಾಮರು ರಸ್ತೆಯಲ್ಲಿ ಓಡಿಸಬೇಡಿ. ಟೈರಿನ ಗಾಳಿ ಕಂಪನಿ ಪುಸ್ತಕದಲ್ಲಿ ಗದ್ದೆ ಕೆಲಸಕ್ಕೆ ಹೇಳಿದಷ್ಟಕ್ಕೆ ಇಳಿಸುತ್ತೇನೆ. ಅದಕ್ಕಿಂತ ಕಡಿಮೆ ಮಾಡಿದರೆ ರಿಮ್ ಮಾತ್ರ ತಿರುಗಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತದೆ.

ಟೈರ್ ಬಗ್ಗೆ ಕೇಳಿದ್ದೀರಲ್ಲ. ಬದಿಯಲ್ಲಿ ಆರ್-1, ಆರ್-2 ಅಂತ ಬರೆದಿರುತ್ತದೆ. ಆರ್-1 ಮಾಮೂಲಿ, ಆರ್-2 ಭತ್ತ ಮತ್ತು ಕಬ್ಬಿನ ಗದ್ದೆಗೆ, ಹಲ್ಲು ಹೆಚ್ಚುಕಡಿಮೆ ದುಪ್ಪಟ್ಟು ಆಳ. ಆರ್-3 ಹುಲ್ಲುಹಾಸಿನದ್ದು, ನಮಗೆ ಬೇಡ. ಆದರೆ ಇರುವ ಟೈರಿನ ಹಲ್ಲು ಸವೆದಿಲ್ಲದಿದ್ದರೆ ಹೊಸ ಟೈರಿಗೆ ಹಾಕುವ ದುಡ್ಡಲ್ಲಿ ಮೊದಲು ಕೇಜ್ ವೀಲ್ ತಗೊಳ್ಳಿ. ಟೈರ್ ಬದಿಯ ಬಾಣದ ಗುರುತನ್ನೂ ನೋಡಿ, ಕೆಲವು ಕಡೆ ತಿರುಗುಮುರುಗಾಗಿ ಹಾಕಿಬಿಟ್ಟಿರುತ್ತಾರೆ.

ಭಾರ ಎಲ್ಲಿಯೂ ಬೇಡ ಅಂತ ಅಲ್ಲ. ಅಡಿಕೆ ತೋಟಕ್ಕೆ ಹೋಗುವ ಮುರಕಲ್ಲಿನ ಏರಿನಲ್ಲಿ, ಹಿಂದೆ ರೋಟವೇಟರ್ ಎತ್ತಿಕೊಂಡು ಹೋಗುವಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಕೇಳುವುದಿಲ್ಲ. ಅಲ್ಲಿಗೆ ಮುಂದೆ ತೂಕದ ಪ್ಲೇಟ್ ಹಾಕುತ್ತೇನೆ, ಬೈಲಿಗೆ ಬರುವಾಗ ತೆಗೆಯುತ್ತೇನೆ.

ಹೂತರೆ ಆಕ್ಸಿಲರೇಟರ್ ಕೊಡಬೇಡಿ. ರೋಟವೇಟರ್ ನಿಲ್ಲಿಸಿ, ಎತ್ತಿ, ಬಂದ ದಾರಿಯಲ್ಲೇ ರಿವರ್ಸ್ ಬನ್ನಿ. ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಹೊರಡುವ ಸಾಹಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಚಕ್ರ ತಿರುಗದೆ ನಿಂತರೆ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ, ಹಾರಿ ಇಳಿಯುವಷ್ಟು ಸಮಯ ಇರುವುದಿಲ್ಲ.

ಕಾರ್ಕಳ ಕಡೆ ಅಂದಿದ್ದೀರಿ, ಗದ್ದೆ ಬೈಲೋ, ನಡುಮಟ್ಟದ ಮಜಲೋ, ಬೆಟ್ಟೋ ಹೇಳಲೇ ಇಲ್ಲ. ನಾಳೆ ಒಂದು ಹಾರೆ ತಗೊಂಡು ಗದ್ದೆಯ ನಾಲ್ಕು ಕಡೆ ಊರಿ ನೋಡಿ. ಗಟ್ಟಿ ನೆಲ ಸಿಗುವವರೆಗೆ ಎಷ್ಟು ಇಂಚು ಹೋಯಿತು, ನಿಮ್ಮ ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇದೆ, ಎರಡನ್ನೂ ಇಲ್ಲೇ ಬರೆಯಿರಿ. ಅಲ್ಲಿವರೆಗೆ ಟೈರ್ ಅಂಗಡಿಗೆ ಹೋಗಬೇಡಿ.