ಲಿಥುವೇನಿಯದ ಚಿತ್ರಕಾರ ಚುರ್ಲಿಯೋನಿಸ್ ಯಾರು? ಅವರ ಕಲೆಯ ವೈಶಿಷ್ಟ್ಯವೇನು?

1875ರಲ್ಲಿ ಹುಟ್ಟಿ ದ್ರುಸ್ಕಿನಿಂಕೈ ಪಟ್ಟಣದಲ್ಲಿ ಬೆಳೆದ ಮಿಕಲೋಯುಸ್ ಚುರ್ಲಿಯೋನಿಸ್ ಅವರ ತಂದೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮಗನೂ ವಾರ್ಸಾ ಮತ್ತು ಲೈಪ್‌ಜಿಗ್‌ಗಳಲ್ಲಿ ಮೊದಲು ಕಲಿತದ್ದು ಸಂಗೀತವನ್ನೇ.

1904ರಲ್ಲಿ ವಾರ್ಸಾದ ಲಲಿತಕಲಾ ಶಾಲೆ ಸೇರಿದ ಅವರು, ಕೆಲವೇ ವರ್ಷಗಳಲ್ಲಿ ಸುಮಾರು 300 ಚಿತ್ರಗಳನ್ನು ರಚಿಸಿದರು. ಸಂಗೀತದ ರಚನಾವಿನ್ಯಾಸವನ್ನೇ ಬಣ್ಣಕ್ಕೆ ತಂದದ್ದು ಅವರ ನಿಜವಾದ ಸಾಧನೆಯೆಂದು ನನ್ನ ಭಾವನೆ. ಸೊನಾಟ ಎಂದರೆ ಹಲವು ಭಾಗಗಳುಳ್ಳ ವಾದ್ಯಸಂಗೀತ ಕೃತಿ; ಅದರಂತೆಯೇ 1908ರ ‘ಸಮುದ್ರ ಸೊನಾಟ’ದಲ್ಲಿ ಅಲೆಗ್ರೊ (ವೇಗದ ಭಾಗ), ಅಂದಾಂತೆ (ನಿಧಾನಗತಿಯ ಭಾಗ), ಫಿನಾಲೆ (ಮುಕ್ತಾಯ) ಎಂಬ ಮೂರು ಚಿತ್ರಗಳಿವೆ; ಕೊನೆಯದರಲ್ಲಿ ಪುಟ್ಟ ದೋಣಿಗಳ ಮೇಲೆ ಎರಗಲು ನಿಂತ ದೈತ್ಯ ಅಲೆಯ ನೊರೆಯೊಳಗೆ ಅವರ ಹೆಸರಿನ ಮೊದಲಕ್ಷರಗಳು ಮೂಡಿರುವುದನ್ನು ಗಮನಿಸಿ ನೋಡಬೇಕು.

1909ರಲ್ಲಿ ಲೇಖಕಿ ಸೋಫಿಯಾ ಕಿಮಂತೈತೆ ಅವರನ್ನು ವರಿಸಿದ ಚುರ್ಲಿಯೋನಿಸ್, ತೀವ್ರ ಮಾನಸಿಕ ಬಳಲಿಕೆಯಿಂದ ವಾರ್ಸಾ ಬಳಿಯ ಆರೋಗ್ಯಧಾಮ ಸೇರಿ, 1911ರ ಏಪ್ರಿಲ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವರಿಗೆ ಕೇವಲ 35 ವರ್ಷ. ಅವರ ಹೆಚ್ಚಿನ ಚಿತ್ರಗಳು ಇಂದು ಕೌನಸ್‌ ನಗರದಲ್ಲಿ ಅವರದೇ ಹೆಸರಿನ ವಸ್ತುಸಂಗ್ರಹಾಲಯದಲ್ಲಿವೆ.