ಹಗಲು ಗಿಡ್ಡವಾದರೂ ಹೊಡೆ ಯಾಕೆ ಬರಲಿಲ್ಲ?

ಓದುಗರ ಪತ್ರ: ನಮ್ಮದು ಸಕಲೇಶಪುರ ತಾಲ್ಲೂಕು. ಹಳೇ ಕಾಲದ ಒಂದು ಭತ್ತದ ತಳಿಯನ್ನು ಈ ಸಲ ಮೂರು ಕಂತಿನಲ್ಲಿ ಸಸಿಮಡಿ ಮಾಡಿದೆವು. ಜೂನ್ ಮಧ್ಯದಲ್ಲಿ ಚೆಲ್ಲಿದ್ದೂ ಜುಲೈ ಕೊನೆಗೆ ಚೆಲ್ಲಿದ್ದೂ ಒಟ್ಟಿಗೇ, ಅಕ್ಟೋಬರ್ ಕೊನೆಗೆ ಹೊಡೆ ಬಿಟ್ಟವು, ಅಂದರೆ ತೆನೆ ಹೊರಗೆ ಬಂತು. ಹಗಲು ಗಿಡ್ಡವಾದರೆ ಹೊಡೆ ಬರುವ ಜಾತಿ ಇದು ಅಂತ ಹಿರಿಯರು ಹೇಳುತ್ತಿದ್ದರು. ಹಾಗಾದರೆ ಸೆಪ್ಟೆಂಬರ್ ಎರಡನೇ ವಾರ ಚೆಲ್ಲಿದ ಸಸಿ ಹುಟ್ಟಿದ್ದೇ ಗಿಡ್ಡ ಹಗಲಿನಲ್ಲಿ. ಅದು ಡಿಸೆಂಬರ್ ತನಕ ಯಾಕೆ ಸುಮ್ಮನೆ ನಿಂತಿತ್ತು? ಅದರ ಕಾಳನ್ನು ಬೀಜಕ್ಕೆ ಇಡಬಹುದೇ?

ಸಂಪಾದಕರ ಉತ್ತರ: ಸುಮ್ಮನೆ ನಿಂತಿರಲಿಲ್ಲ, ವಯಸ್ಸಿಗೆ ಬರುತ್ತಿತ್ತು. ನಿಮ್ಮ ಹಿರಿಯರು ಹೇಳಿದ್ದು ಸರಿ, ಆದರೆ ಅದು ಅರ್ಧ ಮಾತು. ಚುನಾವಣೆ ಬಂತು ಅಂತ 18 ತುಂಬದ ಹುಡುಗನಿಗೆ ಓಟು ಸಿಗುತ್ತದೆಯೇ? ಇಲ್ಲಿಯೂ ಹಾಗೇ. ಗಿಡ್ಡ ಹಗಲಿನ ಕರೆ ಬಂದರೆ ಸಾಲದು, ಅದಕ್ಕೆ ಓಗೊಡುವಷ್ಟು ಗಿಡ ಬಲಿತಿರಬೇಕು.

ಲೆಕ್ಕ ಹಾಕಿ ನೋಡಿ. ತೆನೆ ಕಾಂಡದೊಳಗೆ ಮೂಡಿದ ಮೇಲೆ ಹೊರಗೆ ಬರಲು ಸುಮಾರು 35 ದಿನ ಬೇಕು. ಅಕ್ಟೋಬರ್ ಕೊನೆಯಿಂದ ಹಿಂದಕ್ಕೆ ಎಣಿಸಿದರೆ, ನಿಮ್ಮ ಮೊದಲೆರಡು ಮಡಿಯ ಭತ್ತದಲ್ಲಿ ತೆನೆ ಮೂಡಿದ್ದು ಸೆಪ್ಟೆಂಬರಿನ ದ್ವಿತೀಯಾರ್ಧದಲ್ಲಿ. ಜೂನಿನ ಸಸಿ ಆಗಸ್ಟಿನಲ್ಲೇ ತಯಾರಿತ್ತು, ಹಗಲು ಇಳಿಯಲಿ ಅಂತ ಕಾದಿತ್ತು. ಜುಲೈನದು ಬಲಿಯುವ ಹೊತ್ತಿಗೆ ಹಗಲೂ ಇಳಿದಿತ್ತು. ಸೆಪ್ಟೆಂಬರಿನ ಸಸಿಗೆ ಹಗಲಿನ ತಕರಾರೇ ಇರಲಿಲ್ಲ. ಅದನ್ನು ತಡೆದಿದ್ದು ಅದರ ಎಳೆತನ. ಈ ಎಳೆತನದ ಅವಧಿ ಕೆಲವು ತಳಿಗೆ ಎರಡು ವಾರ, ಕೆಲವಕ್ಕೆ ಎರಡು ತಿಂಗಳು. ನಿಮ್ಮದಕ್ಕೆ ಒಂದೂವರೆ ತಿಂಗಳಿನ ಆಸುಪಾಸು ಇರಬೇಕು ಅನಿಸುತ್ತದೆ.

ನಮ್ಮ ಕಡೆ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಅದನ್ನು ಭತ್ತ ಹೇಗೆ ಗುರುತಿಸೀತು ಅನಿಸಬಹುದು. ಮಲೇಷ್ಯಾದ ಮಲಕ್ಕಾದಲ್ಲಿ ವರ್ಷದ ವ್ಯತ್ಯಾಸ ಬರೀ 14 ನಿಮಿಷ. ಅಲ್ಲಿ ಸಿಯಾಮ್ 29 ಎಂಬ ತಳಿ ಜನವರಿಯಲ್ಲಿ ಬಿತ್ತಿದಾಗ ಹೂ ಬಿಡಲು 329 ದಿನ ತೆಗೆದುಕೊಂಡಿತು, ಸೆಪ್ಟೆಂಬರಿನಲ್ಲಿ ಬಿತ್ತಿದಾಗ 161 ದಿನ. 1959ರಲ್ಲೇ ಇದು ಪ್ರಕಟವಾಗಿದೆ. ರಸ್ತೆ ಬದಿಯ ಗದ್ದೆ ಇದ್ದರೆ ನೀವೂ ನೋಡಿರುತ್ತೀರಿ. ಇಂಥ ಹಳೇ ತಳಿ ಬೀದಿ ದೀಪದ ಬುಡದಲ್ಲಿ ಹಸಿರಾಗಿಯೇ ನಿಂತಿರುತ್ತದೆ, ಹತ್ತು ಮಾರು ಆಚೆ ಗದ್ದೆಯೆಲ್ಲ ತೆನೆ.

ಹಗಲನ್ನು ಅಳೆಯುವುದು ಎಲೆ. ಸಮಯ ಬಂದಾಗ ಎಲೆಯಲ್ಲಿ ಒಂದು ಪ್ರೋಟೀನ್ ತಯಾರಾಗಿ, ತೆನೆ ಮೂಡಿಸುವ ಕರೆ ಹೊತ್ತು ಕಾಂಡದ ತುದಿಗೆ ಹೋಗುತ್ತದೆ. ಭತ್ತದಲ್ಲಿ ಇದನ್ನು ಜಪಾನಿನ ನಾರಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಎಳೆ ಗಿಡದಲ್ಲಿ ಇನ್ನೊಂದು ವಸ್ತು ಜಾಸ್ತಿ ಇರುತ್ತದೆ, ಮೈಕ್ರೋ ಆರ್‌ಎನ್‌ಎ 156 ಅಂತ. ಗಿಡವನ್ನು ಎಳೆಯದಾಗಿಯೇ ಇಡುವುದು ಅದರ ಕೆಲಸ. ಎಲೆ ಮೇಲೆ ಎಲೆ ಬಂದ ಹಾಗೆ ಅದು ಇಳಿಯುತ್ತದೆ. ಇಳಿಯದೇ ಹೋದರೆ? ಮುಸುಕಿನ ಜೋಳದಲ್ಲಿ ಕಾರ್ನ್‌ಗ್ರಾಸ್ ಅಂತ ಒಂದು ವಿಕೃತ ತಳಿ ಇದೆ. ಅದರಲ್ಲಿ ಈ ವಸ್ತು ಅತಿಯಾಗಿ ಇರುತ್ತದೆ. ಆ ಜೋಳ ಪೊದೆಯಾಗಿ, ಹುಲ್ಲಿನ ಹಾಗೆ ಕವಲು ಒಡೆಯುತ್ತಲೇ ಇರುತ್ತದೆ.

ಮುಸುಕಿನ ಜೋಳದ ಹೊಲ ಹತ್ತಿರದಲ್ಲಿದ್ದರೆ ಬೆಳಿಗ್ಗೆ ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ. ಕೆಳಗಿನ ನಾಲ್ಕೈದು ಎಲೆಗಳ ಮೇಲೆ ಹನಿಸಿದರೆ ನೀರು ಮುತ್ತಾಗಿ ಉರುಳುತ್ತದೆ. ಅಲ್ಲಿ ಮೇಣದ ಪದರ ಇದೆ, ಅವು ಎಳೆತನದ ಎಲೆ. ಮೇಲಿನ ಎಲೆಗಳಲ್ಲಿ ಆ ಮೇಣ ಇಲ್ಲ, ಸಣ್ಣ ರೋಮ ಇರುತ್ತದೆ, ನೀರು ಹರಡಿಕೊಳ್ಳುತ್ತದೆ. ಎಲೆಯ ಈ ಗುರುತೂ ಹೂ ಬಿಡುವ ತಾಕತ್ತೂ ಪಕ್ಕಾ ಒಟ್ಟಿಗೇ ಬರುತ್ತವೆ ಅಂತಲ್ಲ. ಆದರೂ ಗಿಡದ ವಯಸ್ಸು ಕಣ್ಣಿಗೆ ಕಾಣುವ ಜಾಗ ಅದೇ.

ವಯಸ್ಸನ್ನು ದಿನದ ಬದಲು ಎಲೆಯಲ್ಲಿ ಎಣಿಸುವುದು ವಾಸಿ. ಚಳಿಯಲ್ಲಿ ಎಲೆ ನಿಧಾನವಾಗಿ ಬರುತ್ತದೆ, ಎಳೆತನವೂ ಎಳೆಯುತ್ತದೆ.

ಮುಂದಿನ ಸಲ ಸಸಿಮಡಿ ಆಗಸ್ಟ್ ದಾಟುವಂತಿದ್ದರೆ ಈ ತಳಿ ಬೇಡ. ಹಗಲಿನ ಗೊಡವೆ ಇಲ್ಲದ, ಐಆರ್ 64ರಂಥ ಕಡಿಮೆ ಅವಧಿಯ ತಳಿ ಹುಡುಕಿ. ನಿಮ್ಮ ತಾಲ್ಲೂಕಿಗೆ ಯಾವುದು ಒಗ್ಗುತ್ತದೆ ಅಂತ ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಹಳೇ ತಳಿಯನ್ನೇ ತಡವಾಗಿ ನೆಡಬೇಕಾಗಿ ಬಂದರೆ ಹತ್ತಿರ ಹತ್ತಿರ ನೆಡಿ. ತೆಂಡೆ, ಅಂದರೆ ಬುಡದ ಕವಲು, ಒಡೆಯಲು ಅದಕ್ಕೆ ಪುರಸೊತ್ತು ಸಿಗುವುದಿಲ್ಲ. ನನಗೆ ಭಯ ಇರುವುದು ಹೊಡೆ ತಡವಾಗುವುದರದ್ದಲ್ಲ, ಚಳಿಯದ್ದು. ತೆನೆ ಇನ್ನೂ ಕಾಂಡದೊಳಗೆ ಇರುವಾಗ ರಾತ್ರಿ ಚಳಿ ಹೊಡೆದರೆ ಪರಾಗ ಕೆಡುತ್ತದೆ, ಕಾಳು ಜಳ್ಳಾಗುತ್ತದೆ. ತೆನೆ ಮೂಡಿದೆಯೋ ಇಲ್ಲವೋ ನೋಡಲು ಒಂದು ದಂಟನ್ನು ಬುಡದ ಹತ್ತಿರ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಸಾಸಿವೆಗಿಂತ ದೊಡ್ಡದಲ್ಲದ ಬಿಳಿ ಮೊನೆ, ಅದರ ಮೇಲೆ ನವಿರು ಕೂದಲು ಕಂಡರೆ ಅದೇ ತೆನೆ.

ಮೂರನೇ ಮಡಿಯ ಕಾಳನ್ನು ಬೀಜಕ್ಕೆ ಧಾರಾಳವಾಗಿ ಇಡಿ. ತಡವಾದದ್ದು ತಳಿಯ ಗುಣ ಕೆಟ್ಟು ಅಲ್ಲ, ಬಿತ್ತಿದ ತಾರೀಖಿನಿಂದ. ಚೆನ್ನಾಗಿ ತೂರಿ, ಉಪ್ಪು ನೀರಿಗೆ ಹಾಕಿ, ಮುಳುಗಿದ ಕಾಳನ್ನು ಮಾತ್ರ ಒಳ್ಳೇ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ.